ಬೈಸಿಕೊಳ್ಳದ ಗಂಡ

ನನ್ನ ಬಾಯಿ ಜೋರು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ನಮ್ಮೂರು ಬಾಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೊಳನಗದ್ದೆಯ ಶಾಲೆಯಲ್ಲಿ ನಾನು ಎರಡನೆಯ ಕ್ಲಾಸಿಗೆ ಮಗ್ಗಿ ಹೇಳಿಸುತ್ತಿದ್ದರೆ ಪಕ್ಕದ ಕೋಣೆಯ ಆರನೆಯವರಿಗೂ ಬಾಯಿಪಾಠ ಆಗುತ್ತದೆ ಎಂದು ನಮ್ಮ ಹೆಡ್‌ಮಾಸ್ತರರು ಛೇಡಿಸುತ್ತಾರೆ. ನನ್ನ ಅತ್ತೆಯ ಬಾಯಿ ನನ್ನದಕ್ಕಿಂತ ಜೋರು. ಕುಮಟೆಯ ಮೀನುಪೇಟೆಯಲ್ಲಿ ಆಯುಷ್ಯವೆಲ್ಲ ಬುಟ್ಟಿ ಇಟ್ಟುಕೊಂಡು ಕೂತವರು. ಅವರ ಬಾಯಿಗೆ ಸಿಕ್ಕಿದ ಗಿರಾಕಿ ಚೌಕಾಶಿ ಮರೆತು, ಹೇಳಿದಷ್ಟು ಕೊಟ್ಟು, ಮೇಲೆ ನಮಸ್ಕಾರವನ್ನೂ ಹಾಕಿ ಹೋಗುತ್ತಾನೆ. ಇಂಥ ಇಬ್ಬರು ಹೆಂಗಸರಿರುವ ಮನೆಯಲ್ಲಿ ಒಬ್ಬ ಗಂಡಸು ಇಪ್ಪತ್ತು ಚಿಲ್ಲರೆ ವರ್ಷ ಒಂದೇ ಒಂದು ಬೈಗುಳ ತಿನ್ನದೆ ಉಳಿದುಕೊಂಡಿದ್ದರು ಎಂದರೆ ನಂಬುತ್ತೀರಾ? ಅವರೇ ನನ್ನ ಗಂಡ.

ತೀರಾ ಒಳ್ಳೆಯವರು ಎಂದೇನಲ್ಲ. ಮಿಲಿಟರಿಯಲ್ಲಿದ್ದರು, ಅದಕ್ಕೆ.

ಮಿಲಿಟರಿಯವರ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಕಾನೂನಿರುತ್ತದೆ. ರಜೆಯಲ್ಲಿ ಬಂದವರನ್ನು ಬೈಯಬಾರದು. ಅವರ ಮುಂದೆ ಕೆಟ್ಟ ಸುದ್ದಿ ಹೇಳಬಾರದು. ಮನೆಯ ಮಾಡು ಸೋರುವುದಿದ್ದರೆ ಅವರು ಹೋದ ಮೇಲೆ ಸೋರಬೇಕು. ಮಗಳಿಗೆ ಗಣಿತದಲ್ಲಿ ಮಾರ್ಕು ಕಡಿಮೆ ಬಂದದ್ದು ಅವರು ರೈಲು ಹತ್ತಿದ ಮೇಲೆ ಗೊತ್ತಾಗಬೇಕು. ದುಬಾರಿಯ ಇಸ್ವಾಣ ಮೀನು ತಂದರೆ ನಡುತುಂಡು ಅವರ ತಟ್ಟೆಗೆ, ಬಾಲ ನಮಗೆ. ಅವರು ಕೊಡಪಾನ ಮುಟ್ಟಿದರೆ ಅತ್ತೆ ಓಡಿ ಬಂದು ಕಿತ್ತುಕೊಳ್ಳುತ್ತಿದ್ದರು: ನಾಲ್ಕು ದಿನಕ್ಕೆಂದು ಬಂದವನ ಕೈಯಲ್ಲಿ ನೀರು ಹೊರಿಸುವುದೇ ಎಂದು. ನನಗೂ ಅವರ ಮೇಲೆ ಸಿಟ್ಟು ಬರುತ್ತಿತ್ತು, ಬರದೆ ಏನು, ಗಂಡನಲ್ಲವೆ? ಅದನ್ನು ಗಂಟು ಕಟ್ಟಿ ಇಟ್ಟು, ಅವರು ಹೊರಟ ಮಾರನೆಯ ದಿನ ಶಾಲೆಯ ಮಕ್ಕಳಿಗೆ ಹಂಚುತ್ತಿದ್ದೆ. ಪಾಪ, ಆ ಮಕ್ಕಳು ಮಗ್ಗಿಯನ್ನು ಚೆನ್ನಾಗಿ ಕಲಿತವು.

ನಿವೃತ್ತರಾಗಿ ಅವರು ಕುಮಟೆಯ ಸ್ಟೇಷನ್ನಿನಲ್ಲಿ ಇಳಿದದ್ದು ಒಂದು ಚಳಿಗಾಲದ ಬೆಳಿಗ್ಗೆ. ಜೊತೆಗೆ ಅದೇ ಕಪ್ಪು ತಗಡಿನ ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ಅವರ ಹೆಸರು, ನಂಬರು. ಟ್ರಂಕು ಎಂದಿನಂತೆ ಮಂಚದ ಕೆಳಗೆ ಹೋಯಿತು. ನಡುತುಂಡು ಎಂದಿನಂತೆ ತಟ್ಟೆಗೆ ಬಂತು. ದಾರಿಯಲ್ಲಿ ಸಿಕ್ಕವರು ಎಂದಿನಂತೆ, "ಯಾವಾಗ ಬಂದದ್ದು? ರಜೆ ಎಷ್ಟ್ ದಿವ್ಸ ಅದೆ?" ಎಂದು ಕೇಳಿದರು. ಈ ಸಲ ಪೂರ್ತಿ ಬಂದದ್ದು, ಇನ್ನು ಹೋಗುವುದಿಲ್ಲ ಎಂದು ಇವರು ಹೇಳಿದರೆ ಚಲೋ ಆತು ಎನ್ನುತ್ತಿದ್ದರು. ಮುಂದಿನ ವಾರ ಅವರೇ ಸಿಕ್ಕಿ ಮತ್ತೆ ರಜೆ ಎಷ್ಟು ದಿನ ಎಂದು ಕೇಳುತ್ತಿದ್ದರು. ಊರಿನವರ ತಪ್ಪೇನಿಲ್ಲ. ನಮ್ಮ ಮನೆಯಲ್ಲೇ ಯಾರೂ ನಂಬಿರಲಿಲ್ಲ.

ಬೆಳಗಾಗುವ ಮೊದಲೇ ಎದ್ದು, ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಕೂತು ಏನು ಮಾಡುವುದು? ಏನು ಮುಟ್ಟಿದರೂ ನಾವು ಬಿಡುತ್ತಿರಲಿಲ್ಲ. ಒಂದು ದಿನ ನಾನು ಶಾಲೆಯಿಂದ ಬಂದು ನೋಡುತ್ತೇನೆ, ಅಂಗಳದ ತೆಂಗಿನ ಮರಗಳಿಗೆಲ್ಲ ಸೊಂಟದೆತ್ತರ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟಿ. ಬಾವಿಯ ಸುತ್ತಲಿನ ಕಲ್ಲುಗಳು ಒಂದು ಕೆಂಪು ಒಂದು ಬಿಳಿ, ಒಂದು ಕೆಂಪು ಒಂದು ಬಿಳಿ. ಪಲ್ಟನ್ನಿನಲ್ಲಿ ದೊಡ್ಡ ಸಾಹೇಬರು ಬರುವ ಮುಂಚೆ ಹೀಗೆಯೇ ಮಾಡುತ್ತಾರಂತೆ. ನೋಡಲು ಏನೋ ಚೆಂದವೇ ಇತ್ತು. ಆದರೆ ಅದೇ ಭರದಲ್ಲಿ ಬಟ್ಟೆ ಒಗೆಯುವ ಕಲ್ಲಿಗೂ ಕೆಮ್ಮಣ್ಣು ಬಳಿದಿದ್ದರು. ಅತ್ತೆಯ ಬಿಳಿ ಸೀರೆ ಅದರ ಮೇಲೆ ಬಿದ್ದು ಎದ್ದಾಗ ಸಂಜೆಯ ಮುಗಿಲಿನಂತೆ ಕಾಣುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅವತ್ತು ಅವರ ಏಳು ತಲೆಮಾರಿನ ಜಾತಕ ಹೊರಗೆ ಬೀಳುತ್ತಿತ್ತು. ಅತ್ತೆ ಸೀರೆಯನ್ನು ಮಡಚಿ ಇಟ್ಟು, ಅಡ್ಡಿಲ್ಲ ಮಗಾ, ನೀನು ಕೂತುಕೋ, ಚಾ ತರುತ್ತೇನೆ ಎಂದರು. ಇವರು ಬಣ್ಣದ ಡಬ್ಬಿಯನ್ನು ಮೂಲೆಗಿಟ್ಟು ಕೂತರು.

ಆಮೇಲೆ ಬಸ್‌ಸ್ಟ್ಯಾಂಡಿನ ಪ್ರಕರಣ. ಕುಮಟೆಯಲ್ಲಿ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು, ಚೀಲ, ಕೊಡೆ ಎಲ್ಲ ಒಳಗೆ ಹಾರಿ ಸೀಟು ಹಿಡಿಯುತ್ತವೆ, ಬಾಗಿಲಲ್ಲಿ ನೂಕುನುಗ್ಗಲು. ನಾವು ಹುಟ್ಟಿದಂದಿನಿಂದ ಹಾಗೆಯೇ ಬಸ್ಸು ಹತ್ತಿದವರು. ಇವರಿಗೆ ಅವತ್ತು ಅದೇನು ಕಂಡಿತೋ, ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ಗರ್ಜಿಸಿದರು: ಎಲ್ಲರೂ ಸಾಲಾಗಿ ನಿಲ್ಲಿ ಎಂದು. ತಮಾಷೆಯೆಂದರೆ ಅರ್ಧ ಜನ ನಿಂತರು. ನಿಲ್ಲದ ಒಬ್ಬನ ಕಾಲರಿಗೆ ಕೈ ಹಾಕಿ ಮೆಟ್ಟಿಲಿನಿಂದ ಇಳಿಸಿಬಿಟ್ಟರು. ಅವನ ಅಂಗಿ ಹರಿಯಿತು. ಜನ ಸೇರಿದರು. ನಾನು ನಡುವೆ ಹೋಗಿ ಕೈಮುಗಿದು, ಇವರನ್ನು ಎಳೆದುಕೊಂಡು ಬಂದೆ. ರಿಕ್ಷಾದಲ್ಲಿ ಕೂತ ಮೇಲೂ ಹರಿದ ಅಂಗಿಯ ಚೂರು ಅವರ ಕೈಯಲ್ಲೇ ಇತ್ತು. ಅಷ್ಟು ವರ್ಷ ಬಂದೂಕು ಹಿಡಿದ ಕೈ. ನನಗೆ ಹೆದರಿಕೆಯಾಯಿತು. ಮನೆಗೆ ಬಂದ ಮೇಲೆ ಅವರು ಎಷ್ಟೋ ದಿನ ಅಂಗಳ ದಾಟಲಿಲ್ಲ. ಆಗಲೂ ನಾವು ಯಾರೂ ಬೈಯಲಿಲ್ಲ. ಅತ್ತೆ ಇಸ್ವಾಣ ತಂದರು.

ಅದಾದ ಮೇಲೆ ಒಂದು ಮಧ್ಯಾಹ್ನ ಊಟದ ನಡುವೆ ಅವರು ಪುಣೆಯ ಸುದ್ದಿ ಹೇಳಿದರು. ಹಳೆಯ ಜೊತೆಗಾರರೊಬ್ಬರು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಗಾರ್ಡಿನ ಕೆಲಸ ನೋಡಿದ್ದಾರೆ, ಇರಲು ಕೋಣೆ ಕೊಡುತ್ತಾರೆ, ಮಳೆಗಾಲ ಹಿಡಿಯುವ ಹೊತ್ತಿಗೆ ಹೋಗಿ ಸೇರಬೇಕು. ಆರ್ಡರು ಓದಿ ಹೇಳಿದಂತೆ ಹೇಳಿ ಮುಗಿಸಿ ಮಜ್ಜಿಗೆ ಕೇಳಿದರು. ಅತ್ತೆ, ಆತು ಎಂದರು. ಮಗಳು ನನ್ನ ಮುಖ ನೋಡಿದಳು. ನಾನೂ ಆತು ಎಂದೆ. ಕಾನೂನು ಕಾನೂನೇ. ಆದರೆ ಒಳಗೆ ನನಗೆ ಆದದ್ದು ಆದದ್ದೇ. ಇಷ್ಟು ವರ್ಷ ಕಾದದ್ದು ಇದಕ್ಕಾ? ಈ ಮನುಷ್ಯ ಮತ್ತೆ ರೈಲು ಹತ್ತುವುದು ನನಗೆ ಬೇಡವಾಗಿತ್ತು. ಅಷ್ಟು ದೊಡ್ಡ ಬಾಯಿ ಇಟ್ಟುಕೊಂಡು ಅಷ್ಟು ಸಣ್ಣ ಮಾತು ಹೇಳಲಾಗಲಿಲ್ಲ.

ಶಿರಾಲಿಯಲ್ಲಿ ಇವರ ಪಲ್ಟನ್ನಿನ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ತೆಂಗು, ಗದ್ದೆ ಎಂದು ಆರಾಮವಾಗಿದ್ದ ಮನುಷ್ಯ. ಒಂದು ಭಾನುವಾರ ಮನೆಗೆ ಬಂದವರು ಬಾವಿಯ ಕಲ್ಲುಗಳನ್ನು ನೋಡಿ ನಕ್ಕರು, ಆಮೇಲೆ ಇವರ ಮುಖ ನೋಡಿ ನಗು ನಿಲ್ಲಿಸಿದರು. ಹೊನ್ನಾವರದಲ್ಲಿ ಒಬ್ಬರು ಮೇಡಂ ಇದ್ದಾರೆ, ಫೌಜಿನಿಂದ ಬಂದವರ ಜೊತೆ ಕೂತು ಮಾತಾಡುತ್ತಾರೆ, ಹೋಗಿ ಬಾ ಎಂದರು. ತನಗೆ ಹುಚ್ಚು ಹಿಡಿದಿಲ್ಲ ಎಂದು ಇವರು ಅಂದದ್ದಕ್ಕೆ ಸುಬೇದಾರರು, "ಮಂಡಿ ನೋವು ಹೇಳಿ ಡಾಕ್ಟರ ಹತ್ರ ಹೋಗುದಿಲ್ವಾ? ಹಂಗೇ ಇದು. ನಾನೂ ವರ್ಷಗಟ್ಲೆ ಹೋದವ್ನೇ ಮಾರಾಯ," ಎಂದರು. ಅವರು ಹೋಗಿದ್ದರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಸೀನಿಯರು ಹೇಳಿದ ಮೇಲೆ ಮುಗಿಯಿತು, ಇವರು ಹೊರಟರು.

ಹೊರಟ ಚೆಂದವನ್ನು ನೋಡಬೇಕಿತ್ತು. ಬೂಟಿಗೆ ಪಾಲಿಶು, ಕಂಕುಳಲ್ಲಿ ಸರ್ವೀಸಿನ ಕಾಗದಗಳ ಫೈಲು. ಮೇಡಂ ಹೇಗಿದ್ದೀರಿ ಎಂದು ಕೇಳಿದರೆ ಬೆನ್ನು ನೆಟ್ಟಗೆ ಮಾಡಿ, ಎಲ್ಲಾ ಠೀಕ್ ಇದೆ ಮೇಡಂ ಎನ್ನುವುದು. ನಿದ್ದೆ? ಠೀಕ್ ಇದೆ ಮೇಡಂ. ಊಟ? ಠೀಕ್ ಇದೆ ಮೇಡಂ. ಕೆಲವು ವಾರ ಹೀಗೆಯೇ ನಡೆಯಿತಂತೆ. ಬಸ್ಸಿನ ಖರ್ಚು ಬಿಟ್ಟರೆ ಏನೂ ಆಗುತ್ತಿಲ್ಲವಲ್ಲ ಎಂದು ನಾನು ಗೊಣಗುತ್ತಿರುವಾಗಲೇ ಮೇಡಂ ನನ್ನನ್ನೂ ಬರಹೇಳಿದರು. ನನ್ನ ಪಿತ್ತ ನೆತ್ತಿಗೇರಿತು. ಮಿಲಿಟರಿಗೆ ಹೋದದ್ದು ಅವರು, ನನಗೆಂತಕ್ಕೆ ಔಷಧಿ? ಆದರೂ ರಜೆ ಹಾಕಿ ಹೋದೆ, ಪುಣೆ ತಪ್ಪುವುದಾದರೆ ತಪ್ಪಲಿ ಎಂಬ ಆಸೆಯಿಂದ.

ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಒಂದು ಕ್ಲಿನಿಕ್ಕಿನ ಹಿಂದಿನ ಸಣ್ಣ ಕೋಣೆ, ಮೂರು ಕುರ್ಚಿ, ಒಂದು ಫ್ಯಾನು. ಅದು ಇದು ಕೇಳಿದ ಮೇಲೆ, ನಿಮ್ಮಿಬ್ಬರ ಮಧ್ಯೆ ಜಗಳ ಆಗುತ್ತದೆಯೇ ಎಂದು ಕೇಳಿದರು. ನಾನು ಎದೆಯುಬ್ಬಿಸಿ, ಮದುವೆಯಾದಾಗಿನಿಂದ ಒಂದೂ ಆಗಿಲ್ಲ ಎಂದೆ. ಶಾಭಾಸ್ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಸಣ್ಣದಾಯಿತು.

"ಒಂದೂ ಇಲ್ವಾ?" ಎಂದು ಅವರು ಇವರ ಕಡೆ ತಿರುಗಿದರು.

ಇವರು ಬೂಟು ನೋಡುತ್ತ ಕೂತಿದ್ದರು. ಠೀಕ್ ಇದೆ ಎನ್ನುತ್ತಾರೆ ಎಂದು ನಾನು ಕಾದೆ. ಎನ್ನಲಿಲ್ಲ.

"ಮನೇಲಿ ನಂಗೆ ಯಾರೂ ಬೈಯುದಿಲ್ಲ ಮೇಡಂ," ಎಂದರು. "ಮಗಳಿಗೆ ಬೈತಾರೆ. ಬೆಕ್ಕಿಗೆ ಬೈತಾರೆ. ನಾ ಒಳಗೆ ಬಂದ ಕೂಡ್ಲೆ ಎಲ್ಲಾ ಸುಮ್ನಾಗ್ತಾರೆ. ಇನ್‌ಸ್ಪೆಕ್ಷನ್ನಿಗೆ ಕರ್ನಲ್ ಸಾಹೇಬ್ರು ಬಂದಂಗೆ. ಸಾಹೇಬ್ರು ಹೊರಟ ಮೇಲೇ ಉಳಿದವ್ರಿಗೆ ಆರಾಮ. ಅದು ನಂಗೆ ಗೊತ್ತಿಲ್ವಾ? ಅದ್ಕೇ ಪುಣೆಗೆ ಹೂಂ ಅಂದದ್ದು."

ನಾವು ಪ್ರೀತಿ ಎಂದುಕೊಂಡು ಬಡಿಸಿದ್ದ ನಡುತುಂಡುಗಳೆಲ್ಲ ಇವರ ಗಂಟಲಲ್ಲಿ ಮುಳ್ಳಾಗಿ ನಿಂತಿವೆ ಎಂದು ಯಾರಿಗೆ ಗೊತ್ತು? ದುಃಖ ಉಕ್ಕಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು: ಇದನ್ನು ಮನೆಯಲ್ಲಿ ಹೇಳಲಿಕ್ಕೆ ಏನಾಗಿತ್ತು ಇವರಿಗೆ?

ಮೇಡಂ ದೊಡ್ಡ ಉಪದೇಶವನ್ನೇನೂ ಮಾಡಲಿಲ್ಲ. ಮನೆಯ ಯಾವುದಾದರೂ ಒಂದು ಕೆಲಸವನ್ನು ಪೂರ್ತಿ ಇವರಿಗೆ ಬಿಟ್ಟುಕೊಡಿ, ನಡುವೆ ಕೈ ಹಾಕಬೇಡಿ, ಹಾಳಾದರೆ ಹಾಳಾಗಲಿ, ಆಗ ಬಾಯಿ ಕಟ್ಟಿಕೊಂಡು ಇರಬೇಡಿ ಎಂದರು. ಬಾಯಿ ಕಟ್ಟಬೇಡಿ ಎಂದು ನನಗೆ ಹೇಳಿದ ಮೊದಲ ಮನುಷ್ಯರು ಅವರೇ. ಇವರು ಮಾತ್ರ ವಾರವಾರ ಹೋಗುತ್ತಲೇ ಇದ್ದರು. ಆಮೇಲೆ ಆ ಕೋಣೆಯಲ್ಲಿ ಏನೇನು ಹೇಳಿದರೋ ನಾನು ಕೇಳಿಲ್ಲ. ಫೈಲನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗತೊಡಗಿದರು.

ಕೆಲಸ ಯಾವುದು ಎಂಬುದು ತಾನಾಗಿಯೇ ಒದಗಿ ಬಂತು. ಏಪ್ರಿಲ್ ಬಂದರೆ ನಮ್ಮ ಕಡೆ ಮಳೆಗಾಲಕ್ಕೆಂದು ಮೀನು ಒಣಗಿಸುವ ಕಾಲ. ದೋಣಿಗಳು ನಿಂತ ಮೇಲೆ ಗಂಜಿಗೆ ಒಣಮೀನೇ ಗತಿ. ಬಂಗಡೆಯನ್ನು ಸೀಳಿ ಉಪ್ಪು ಹಾಕಿ, ಶೆಟ್ಲಿಯನ್ನು, ಅಂದರೆ ಸಿಗಡಿಯನ್ನು, ಹಾಗೆಯೇ ಹರವಿ, ಮನೆಯ ಮುಂದಿನ ಮರಳಿನಲ್ಲಿ ಬಲೆ ಹಾಸಿ ಒಣಗಿಸುತ್ತೇವೆ. ಕಾಗೆ, ನಾಯಿ ಕಾಯಬೇಕು, ಹೊತ್ತುಹೊತ್ತಿಗೆ ಮಗುಚಬೇಕು. ಆ ವರ್ಷ ಮರಳಿನಲ್ಲಿ ಕೂತರೆ ಅತ್ತೆಯ ಮಂಡಿ ಮೇಲೇಳಲು ಬಿಡುತ್ತಿರಲಿಲ್ಲ. ನಾನು ನೋಡಿಕೊಳ್ಳುತ್ತೇನೆ ಎಂದು ಇವರು ಎದ್ದರು. ಅತ್ತೆ ದಂಗಾದರು. ಮೀನು ಹಿಡಿದು ತರುವುದು ಗಂಡಸರದು. ದಡಕ್ಕೆ ಬಂದ ಮೇಲೆ ಅದು ಹೆಂಗಸರ ವಸ್ತು. ಗಂಡಸು ಕೂತು ಒಣಮೀನು ಮಗುಚುವುದನ್ನು ಬಾಡದಲ್ಲಿ ಕಂಡವರಿಲ್ಲ. ಅತ್ತೆ ಇನ್ನೂ ಏನೋ ಹೇಳುವವರಿದ್ದರು, ನಾನು ಅವರ ಕೈ ಒತ್ತಿ, ಬಿಡಿ ಅತ್ತೆ ಎಂದೆ.

ನೆರೆಯ ಹೆಂಗಸರಿಗೆ ಹಬ್ಬವಾಯಿತು. ಬೇಲಿಯ ಆಚೆ ನಿಂತು, ಕಾಗೆಗೆ ಗುಂಡು ಹೊಡೆಯುವುದು ಯಾವಾಗ ಎಂದು ವಿಚಾರಿಸುತ್ತಿದ್ದರು. ಇವರು ಟೋಪಿ ಹಾಕಿ, ಕೋಲು ಹಿಡಿದು, ಉರಿಬಿಸಿಲಿನಲ್ಲಿ ನಿಂತೇ ಕಾಯುತ್ತಿದ್ದರು. ಮೀನುಗಳನ್ನು ಎತ್ತರದ ಪ್ರಕಾರ ಸಾಲಾಗಿ ಇಟ್ಟಿದ್ದರು. ಎಲ್ಲದರ ತಲೆ ಒಂದೇ ಕಡೆ. ಮೀನು ಪರೇಡ್ ಮಾಡುವುದಿಲ್ಲ ಮಗಾ ಎಂದು ಅತ್ತೆ ಜಗಲಿಯಿಂದ ಮೆತ್ತಗೆ ಹೇಳಿ ನೋಡಿದರು. ಆಗಲೂ ಮೆತ್ತಗೆಯೇ.

ಮೇ ತಿಂಗಳಲ್ಲಿ ಆದದ್ದು ಇದು. ಅತ್ತೆ ನಂಟರ ಮದುವೆಗೆಂದು ಹೊನ್ನಾವರಕ್ಕೆ ಹೋಗಿ ಅಲ್ಲೇ ಉಳಿದರು. ನಾನು ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ದೊಡ್ಡ ಬಂಗಡೆಗಳು ಅರ್ಧ ಒಣಗಿದ್ದವು. ಸಮುದ್ರದ ಮೇಲೆ ಒಂದು ತುಂಡು ಮೋಡ ಕಂಡಿತಂತೆ. ಇವರು ಅಷ್ಟನ್ನೂ ಒಟ್ಟು ಮಾಡಿ, ಪ್ಲಾಸ್ಟಿಕ್ಕಿನ ತಾಡಪತ್ರಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಸುತ್ತ ಕಲ್ಲು ಹೇರಿದರು. ಹಿಮದ ಬೆಟ್ಟದಲ್ಲಿ ರೇಷನ್ನಿನ ಚೀಲಗಳನ್ನು ಹಾಗೆಯೇ ಕಟ್ಟುತ್ತಿದ್ದರಂತೆ, ಒಂದು ಹನಿ ನೀರು ಒಳಗೆ ಹೋಗುತ್ತಿರಲಿಲ್ಲವಂತೆ. ಮಳೆ ಬರಲಿಲ್ಲ. ಮೋಡ ಹೋಗುತ್ತ ಬರುತ್ತ ಇತ್ತು, ಇವರು ತೆಗೆಯಲೂ ಇಲ್ಲ. ಬರುವಾಗ ಹೊನ್ನಾವರದಲ್ಲಿ ಅತ್ತೆಯೂ ಜೊತೆಯಾಗಿ, ನಾವೆಲ್ಲ ಒಂದೇ ಬಸ್ಸಿನಲ್ಲಿ ವಾಪಸು ಬಂದು ಇಳಿದರೆ ವಾಸನೆ ರಸ್ತೆಗೇ ಎದುರುಗೊಂಡಿತು. ತಾಡಪತ್ರಿ ಬಿಚ್ಚಿದರೆ, ಅಯ್ಯೋ, ಹೇಳಬಾರದು. ಮೀನು ಬೆವತು, ಕೊಳೆತು, ಹುಳು ಮಿಜಿಮಿಜಿ ಎನ್ನುತ್ತಿತ್ತು. ಇಡೀ ಮಳೆಗಾಲದ ಬಂಗಡೆ.

ಇವರು ಸೆಟೆದು ನಿಂತಿದ್ದರು. ಮುಖ ಕಪ್ಪಿಟ್ಟಿತ್ತು. ಇರಲಿ ಬಿಡಿ ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ಹಳೆಯ ಅಭ್ಯಾಸ. ಅಷ್ಟರಲ್ಲಿ ಅತ್ತೆ ಚೀಲವನ್ನು ಮರಳಿನ ಮೇಲೆ ಬಿಸಾಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಇಸ್ವಾಣ ಹಾಳು ಮಾಡಿದ್ದರೆ ಸಹಿಸುತ್ತಿದ್ದರೋ ಏನೋ. ಬಂಗಡೆ ಅವರ ಪ್ರಾಣ.

"ಹಸಿ ಮೀನಿಗೆ ಕಂಬ್ಳಿ ಹೊದ್ಸುಕೆ ಯಾವ ಕತ್ತೆ ಕಲಿಸ್ತು ನಿಂಗೆ? ಅದ್ಕೆಂತ ಚಳಿಜ್ವರ ಬಂದಿತ್ತಾ? ಇಷ್ಟ್ ವರ್ಷ ಸರ್ಕಾರ ನಿಂಗೆ ಸುಮ್ನೆ ಅನ್ನ ಹಾಕ್ತಾ? ಮೀನಗಾರ್ರ ಹೊಟ್ಟೇಲಿ ಹುಟ್ಟಿ ಮೀನಿನ ಮೋರೆ ಗೊತ್ತಿಲ್ಲ. ಮಳೆಗಾಲ್ದಲ್ಲಿ ಗಂಜಿಗೆ ನಿನ್ನ ಮೆಡಲ್ ಸುಟ್ಕಂಡ್ ತಿನ್ನುದಾ?"

ಇದು ಬರೆಯಬಹುದಾದಷ್ಟು ಮಾತ್ರ. ಉಳಿದದ್ದು ಮೀನುಪೇಟೆಯದು. ಬೇಲಿಯ ಆಚೆಯ ಹೆಂಗಸರು ಕೂಡ ತಲೆ ತಗ್ಗಿಸಿದರು. ಇವರ ತುಟಿ ನಡುಗಿತು. ಅಳುತ್ತಾರೆ ಅಂದುಕೊಂಡೆ. ಅವರು ನಗುತ್ತಿದ್ದರು. ನಕ್ಕು ನಕ್ಕು ಆ ಕೊಳೆತ ಮೀನಿನ ಪಕ್ಕದಲ್ಲೇ ಮರಳಿನ ಮೇಲೆ ಕೂತುಬಿಟ್ಟರು; ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅತ್ತೆಗೆ ಗಾಬರಿಯಾಗಿ ಬಾಯಿ ನಿಂತಿತು. ಮಗನ ತಲೆ ಕೆಟ್ಟಿತೆಂದೇ ತಿಳಿದರು.

"ನಿಲ್ಲಸ್ಬೇಡ ಆಯಿ," ಎಂದರು ಇವರು. "ಇನ್ನೂ ಬೈ."

ಆಗ ನನ್ನ ಕಟ್ಟೆಯೂ ಒಡೆಯಿತು. ಗಂಟು ಕಟ್ಟಿ ಇಟ್ಟದ್ದನ್ನೆಲ್ಲ ಬಿಚ್ಚಿದೆ. ಒಗೆಯುವ ಕಲ್ಲಿನ ಕೆಮ್ಮಣ್ಣು, ಬಸ್‌ಸ್ಟ್ಯಾಂಡಿನಲ್ಲಿ ನಾನು ಕೈಮುಗಿದದ್ದು, ನನ್ನ ಹೆರಿಗೆಗೆ ಬರುತ್ತೇನೆಂದು ಬಾರದೆ ಇದ್ದದ್ದು, ಹಲ್ಲುಜ್ಜುವಾಗ ಊರಿಗೆಲ್ಲ ಕೇಳುವಂತೆ ಕ್ಯಾಕರಿಸುವುದು, ಒಂದನ್ನೂ ಬಿಡಲಿಲ್ಲ. ಕೊನೆಗೆ ಪುಣೆಗೆ ಬಂದೆ.

"ಊಟದ ಮಧ್ಯೆ ಮಜ್ಜಿಗೆ ಕೇಳ್ದಂಗೆ ಪುಣೆಗೆ ಹೋಗ್ತೆ ಹೇಳಿ ಹೇಳುದಾ? ನನ್ನ ಕೇಳಿದ್ರಾ? ನೀವು ಹೋಗುದು ನಂಗೆ ಬೇಡ."

ಅವರು ಕಣ್ಣೊರೆಸಿಕೊಂಡು, ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ರಜೆಯಲ್ಲಿದ್ದವರಿಗೆ ಹೇಳಬಾರದು ಎಂದು ನಾನು ಅದೇ ಸಿಟ್ಟಿನಲ್ಲಿ ಉತ್ತರ ಕೊಟ್ಟೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಮಗಳು ಮೊದಲು ನಕ್ಕಳು.

ಕೊಳೆತದ್ದು ತೆಂಗಿನ ಬುಡಕ್ಕೆ ಹೋಯಿತು. ಅತ್ತೆ ಮತ್ತೆ ಬಂಗಡೆ ತರಿಸಿದರು, ಮತ್ತೆ ಇವರ ಕೈಗೇ ಕೊಟ್ಟರು. ಈ ಸಲ ಜಗಲಿಯಿಂದ ಬೈಗುಳ ಹೊತ್ತುಹೊತ್ತಿಗೆ ಬರುತ್ತಿತ್ತು, ಇವರು ಹೊತ್ತುಹೊತ್ತಿಗೆ ಮೀನು ಮಗುಚುತ್ತಿದ್ದರು. ಒಂದೆರಡು ಸಲ ತಿರುಗಿ ಉತ್ತರವನ್ನೂ ಕೊಟ್ಟರು. ಪುಣೆಯ ಮಾತು ಮಾತ್ರ ಅವರು ಎತ್ತಲಿಲ್ಲ. ಹೋಗುವುದಿಲ್ಲ ಎಂದೂ ಹೇಳಲಿಲ್ಲ. ನಾನು ಹೇಳುವುದನ್ನು ಹೇಳಿ ಆಗಿತ್ತು. ಮಂಚದ ಕೆಳಗೆ ಟ್ರಂಕು ಹಾಗೆಯೇ ಇತ್ತು. ಕಸ ಗುಡಿಸುವಾಗ ದಿನವೂ ಪೊರಕೆ ಅದಕ್ಕೆ ತಾಗುತ್ತಿತ್ತು, ದಿನವೂ ನಾನು ಬಗ್ಗಿ ಅದರ ಮೇಲಿನ ಧೂಳು ಹಾಗೆಯೇ ಇದೆಯೇ ಎಂದು ನೋಡುತ್ತಿದ್ದೆ.

ಮೊದಲ ಮಳೆಯ ದಿನ ಮಧ್ಯಾಹ್ನವೇ ಕತ್ತಲು ಕವಿಯಿತು. ಮೀನು ಆ ಹೊತ್ತಿಗೆ ಗಲಗಲ ಎನ್ನುವಷ್ಟು ಒಣಗಿತ್ತು. ಎಲ್ಲರೂ ಸೇರಿ ಒಳಗೆ ಹೊತ್ತೆವು. ನೋಡಿದರೆ ಒಣಮೀನಿನ ಹಳೆಯ ಡಬ್ಬಿಯ ತಳ ತುಕ್ಕು ಹಿಡಿದು ತೂತು. ಇಲಿ, ಬೆಕ್ಕು, ಥಂಡಿ ಮೂರಕ್ಕೂ ಜಗ್ಗದ ಗಟ್ಟಿ ಡಬ್ಬಿ ಬೇಕು. ಈ ಮಳೆಯಲ್ಲಿ ಎಲ್ಲಿಂದ ತರುವುದು ಎಂದು ಅತ್ತೆ ತುಕ್ಕಿಗೂ ಬೈಯುತ್ತಿದ್ದಾಗ ಇವರು ಒಳಗೆ ಹೋಗಿ ಟ್ರಂಕನ್ನು ಎಳೆದು ತಂದರು. ಯೂನಿಫಾರ್ಮು, ಸ್ವೆಟರು, ಬೆಲ್ಟು ಎಲ್ಲ ತೆಗೆದು ಮಂಚದ ಮೇಲೆ ಹಾಕಿದರು. ತಳಕ್ಕೆ ಕಾಗದ ಹಾಸಿದರು.

ಅತ್ತೆ ಅವರ ಕೈ ಹಿಡಿದರು.

"ಅದ್ರಲ್ಲಾ? ಒಂದ್ಸಲ ಮೀನ್ ಹಾಕಿದ್ರೆ ವಾಸ್ನೆ ಜನ್ಮಕ್ಕೂ ಹೋಗುದಿಲ್ಲ ಮಗಾ. ಆಮೇಲೆ ಅದ್ನ ತಕಂಡ್ ಯಾವ ರೈಲಿಗೂ ಹತ್ತುಕಾಗುದಿಲ್ಲ."

"ಗೊತ್ತು," ಎಂದರು.

ಬಂಗಡೆಯನ್ನು ಸಾಲುಸಾಲಾಗಿ ಇಟ್ಟರು, ತಲೆಗಳೆಲ್ಲ ಒಂದೇ ಕಡೆ. ಮೇಲೆ ಶೆಟ್ಲಿ ಸುರಿದರು. ಮುಚ್ಚಳ ಹಾಕಿ ಚಿಲಕ ಜಡಿದು, ಅಡುಗೆಮನೆಯ ಅಟ್ಟಕ್ಕೆ ಏರಿಸಿ ಇಳಿದು ಬಂದರು. ಕೆಳಗಿನಿಂದ ನೋಡಿದರೆ ಅವರ ಹೆಸರು, ನಂಬರು ಕಾಣುತ್ತಿತ್ತು. ನಾನು ಒಲೆಯ ಹೊಗೆ ಎಂದು ಹೇಳಿ ಕಣ್ಣೊರೆಸಿಕೊಂಡೆ. ನಮ್ಮ ಮನೆಯಲ್ಲಿ ಗ್ಯಾಸಿದೆ.

ಅವತ್ತು ದೋಣಿಗಳು ನಿಲ್ಲುವ ಮುಂಚಿನ ಕೊನೆಯ ಇಸ್ವಾಣ ಸಿಕ್ಕಿತ್ತು. ಅತ್ತೆ ಮಾಡಿನ ಸೋರುವಿಕೆಗೆ ಮಗನನ್ನು ಬೈಯುತ್ತ ಬಡಿಸುತ್ತಿದ್ದರು, ತಟ್ಟೆಗಳನ್ನು ನೋಡುತ್ತಿರಲಿಲ್ಲ. ನಡುತುಂಡು ಮಗಳಿಗೆ ಹೋಯಿತು. ಬಾಲ ಇವರಿಗೆ ಬಿತ್ತು. ಅವರು ಒಮ್ಮೆ ತಟ್ಟೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಆಮೇಲೆ ಮುಳ್ಳು ಬಿಡಿಸಿ ತಿನ್ನತೊಡಗಿದರು.